ಮೊದಲ ಪೇಷಂಟು ಮೈಲಾರವ್ವ

ಹಳ್ಳದಕೊಪ್ಪದಲ್ಲಿ ಹೊಲದ ಕಸ ತೆಗೆಯುವ ದಿನಗಳು ಬಂದವೆಂದರೆ ಊರಿಗೆ ಬೆಳಗಾಗುತ್ತಿದ್ದದ್ದು ಮೈಲಾರವ್ವನ ದನಿಯಿಂದ. ಆಕೆ ಮನೆಯ ಕಟ್ಟೆಯ ಮೇಲೆ ನಿಂತು ಒಂದು ಸಲ ಕೂಗಿದರೆ ಮೇಲಿನ ಓಣಿಯ ಕೊನೆಯ ಮನೆಯ ಹೆಂಗಸೂ ರೊಟ್ಟಿಯ ಗಂಟು ಹಿಡಿದುಕೊಂಡು ಹೊರಗೆ ಬರುತ್ತಿದ್ದಳು. ಇವತ್ತು ಯಾರ ಹೊಲಕ್ಕೆ, ನಾಳೆ ಯಾರ ಹೊಲಕ್ಕೆ, ಯಾರು ಬಸುರಿ, ಯಾರಿಗೆ ಹಗುರ ಸಾಲು ಕೊಡಬೇಕು, ಎಲ್ಲವನ್ನೂ ಆಕೆಯೇ ಹೇಳಬೇಕು. ಆಳು ಬೇಕಾದ ಹೊಲದವರು ಆಕೆಯ ಮನೆಯ ಮುಂದೆ ಬಂದು ನಿಲ್ಲುತ್ತಿದ್ದರು. ಪಂಚಾಯ್ತಿ ಚೇರ್ಮನ್ ಶಂಭುಲಿಂಗಪ್ಪನಂಥ ದೊಡ್ಡ ಹೊಲದ ಒಡೆಯನೂ, "ಏನ ಮೈಲಾರವ್ವ, ನಮ್ಮ ಹೊಲದ ಪಾಳಿ ಯಾವಾಗ?" ಎಂದು ನಗುತ್ತಲೇ ಕೇಳುತ್ತಿದ್ದ.

ಆಕೆಯದು ಕುರಿ ಸಾಕುವ ಮನೆತನ. ಮಳೆ ಬಿದ್ದರೆ ನವಲಗುಂದದ ಕಡೆಯ ಎರೆಮಣ್ಣು ಕಾಲಿಗೆ ಅಂಟಿ ಬರುತ್ತದೆ, ಕುರಿಗಳ ಗೊರಸು ಕೊಳೆಯುತ್ತದೆ. ಹಾಗಾಗಿ ಗಂಡ ಮಾಳಪ್ಪ ಮೊದಲ ಮಳೆಗೇ ಹಿಂಡು ಹೊಡೆದುಕೊಂಡು ಕಲಘಟಗಿ ಕಡೆಯ ಕೆಂಪು ಮಸಾರಿ ನೆಲಕ್ಕೆ ಹೋಗಿಬಿಡುತ್ತಿದ್ದ, ದೀಪಾವಳಿಗೆ ತಿರುಗಿ ಬರುತ್ತಿದ್ದ. ಮನೆಯಲ್ಲಿ ಉಳಿಯುವವರು ಅತ್ತೆ ದೇವಕ್ಕ, ಮೈಲಾರವ್ವ, ಆಗಷ್ಟೇ ಸಾಲೆಗೆ ಹಚ್ಚಿದ್ದ ಮಗಳು ಲಕ್ಕವ್ವ. ಮದುವೆಯಾಗಿ ಬಹಳ ವರ್ಷಕ್ಕೆ ಹುಟ್ಟಿದ ಒಂದೇ ಕೂಸು ಅದು. ಸಾಲೆಯಿಂದ ಬಂದವಳು ಪಾಟಿಚೀಲ ಒಗೆದು ನೇರ ಅಜ್ಜಿಯ ತೊಡೆಯ ಮೇಲೆ ಬೀಳುತ್ತಿದ್ದಳು.

ಎಂಬತ್ತನಾಲ್ಕನೆಯ ಇಸವಿಯ ಆಷಾಢದಲ್ಲಿ ಯರಗುಪ್ಪಿಯಿಂದ ಮೈಲಾರವ್ವನ ತಮ್ಮ ಹೇಳಿ ಕಳಿಸಿದ. ಗಂಡು ಕೂಸು ಹುಟ್ಟಿತ್ತು, ತೊಟ್ಟಿಲಿಗೆ ಹಾಕುವುದಿತ್ತು. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಆಕೆ ಹೋದಳು. ಎರಡು ದಿನ ಇದ್ದು, ತಾಯಿಯ ಕೈಯ ಊಟ ಉಂಡು, ಹುಬ್ಬಳ್ಳಿಯ ಮೇಲಿಂದ ಮೊರಬದ ಬಸ್ಸು ಹತ್ತಿ ಬಂದಳು. ಮೊರಬದಿಂದ ಊರಿಗೆ ನಡೆಯಬೇಕು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು, ಸೆಕೆ ಬಹಳವಿತ್ತು. ಊರ ಬಾಗಿಲಾದ ಅಗಸಿಯಲ್ಲಿ ಹಿಂದಿನ ವರ್ಷ ಹಾಕಿದ ಹೊಸ ನಳ ಇತ್ತು. ಬಾಯಾರಿ ಬಂದವಳು ನಳಕ್ಕೆ ಬೊಗಸೆ ಒಡ್ಡಿ ಹೊಟ್ಟೆ ತುಂಬ ನೀರು ಕುಡಿದಳು.

ಮರುದಿನ ರೇವವ್ವನ ಹೆಸರುಕಾಳಿನ ಹೊಲದಲ್ಲಿ ಕೆಲಸ. ರೇವವ್ವ ಮೈಲಾರವ್ವನ ಗೆಳತಿ. ಮಠಕ್ಕೆ ನಡೆದುಕೊಳ್ಳುವ ಲಿಂಗವಂತರ ಮನೆಯಾಕೆ, ವಿಧವೆ. ಸ್ವಲ್ಪ ಹೊಲ, ಶಂಕ್ರಪ್ಪನೆಂಬ ಪ್ರಾಯದ ಮಗ. ಜಾತಿ ಬೇರೆಯಾದರೂ ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಕಸ ತೆಗೆಯುತ್ತ ಇಡೀ ಊರಿನ ಮಾತಾಡುತ್ತಿದ್ದರು. ಅವತ್ತು ಮಧ್ಯಾಹ್ನದ ರೊಟ್ಟಿ ಬಿಚ್ಚುವ ಹೊತ್ತಿಗೆ ಮೈಲಾರವ್ವ ಬದುವಿನ ಮೇಲೆ ಕುಸಿದಳು. ವಾಂತಿ, ಭೇದಿ ಎರಡೂ ಹತ್ತಿದವು. ನೋಡನೋಡುತ್ತ ಕಣ್ಣು ಒಳಗೆ ಹೋದವು, ಬೆರಳು ಸುಕ್ಕಾದವು, ಅಷ್ಟು ದೊಡ್ಡ ದನಿ ಗಂಟಲಲ್ಲೇ ನಿಂತಿತು.

"ಶಂಕ್ರಾ, ಚಕ್ಕಡಿ ಕಟ್ಟಲೇ!" ಎಂದು ರೇವವ್ವನೇ ಚೀರಿದಳು. ಶಂಕ್ರಪ್ಪ ಚಕ್ಕಡಿ ಕಟ್ಟಿದ. ಅರ್ಧ ದಾರಿಯಲ್ಲಿ ಗಾಲಿ ಎರೆಯಲ್ಲಿ ಹೂತು ಎತ್ತುಗಳು ಮೊಣಕಾಲೂರಿದವು. ಮೊರಬದ ಕಡೆಯಿಂದ ಬಂದ ಟ್ರ್ಯಾಕ್ಟರಿನವನೊಬ್ಬ ಚಕ್ಕಡಿಯನ್ನು ಎಳೆದು ಡಾಂಬರು ರಸ್ತೆಗೆ ಹಚ್ಚಿದ. ತಾಲ್ಲೂಕಿನ ದವಾಖಾನೆಯಲ್ಲಿ ಎರಡೂ ಕೈಗೆ ಸಲಾಯಿನ್ ಹಚ್ಚಿದರು. ಮೈಲಾರವ್ವ ಬದುಕಿದಳು.

ಆಕೆ ಅಲ್ಲಿ ಮಲಗಿದ್ದಾಗ ಇಲ್ಲಿ ಊರು ಬಿದ್ದಿತು. ಮೊದಲು ಅಗಸಿ ಓಣಿ, ಆಮೇಲೆ ನಡು ಓಣಿ. ಒಂದೊಂದು ಮನೆಯಲ್ಲಿ ಇಬ್ಬರು ಮೂವರು ಮಲಗಿದರು. ಆಗಿನ ಕಾಲಕ್ಕೆ ಇಂಥದ್ದಕ್ಕೆಂದು ಒಂದು ಏರ್ಪಾಡು ಇರಲಿಲ್ಲ. ಯಾರಿಗೆ ಸುದ್ದಿ ಮುಟ್ಟಿಸಬೇಕು, ಯಾರು ಬರಬೇಕು, ಔಷಧ ಎಲ್ಲಿದೆ, ಯಾರಿಗೂ ತಿಳಿದಿರಲಿಲ್ಲ. ನವಲಗುಂದದವರು ಧಾರವಾಡಕ್ಕೆ ಕೇಳಿದರು, ಧಾರವಾಡದವರು ಜೀಪು ಇಲ್ಲವೆಂದರು. ಶಂಭುಲಿಂಗಪ್ಪ ತನ್ನ ಮೊಮ್ಮಕ್ಕಳನ್ನು ಅಣ್ಣಿಗೇರಿಗೆ ಕಳಿಸಿ, ಬಾಗಿಲು ಹಾಕಿಕೊಂಡು ಕೂತ.

ಲಕ್ಕವ್ವನಿಗೂ ಹತ್ತಿತು. ದೇವಕ್ಕ ತನ್ನ ಅವ್ವನಿಂದ, ಅವ್ವನ ಅವ್ವನಿಂದ ಕಲಿತದ್ದನ್ನೇ ಮಾಡಿದಳು. ಭೇದಿ ಹತ್ತಿದವರಿಗೆ ನೀರು ಕೊಡಬಾರದು. ಕೊಟ್ಟಷ್ಟೂ ಹೊರಗೆ ಹೋಗುತ್ತದೆ. ಕೂಸು ಒಣಗಿದ ನಾಲಿಗೆಯನ್ನು ತುಟಿಯ ಮೇಲೆ ಆಡಿಸುತ್ತ, "ಆಯೀ, ಒಂದ ಗುಟುಕು, ಒಂದ ಗುಟುಕು ಕೊಡ" ಎಂದು ಬೇಡಿಕೊಂಡಿತು. "ತಡಿ ನನ್ನ ಬಂಗಾರ, ಹೊಟ್ಟಿ ನಿಂದರ್ಲಿ, ಕೊಡಗಟ್ಟಲೆ ಕೊಡತೀನಿ" ಎಂದು ಅಜ್ಜಿ ಕೊಡವನ್ನು ಕೂಸಿನ ಕಣ್ಣಿಗೆ ಕಾಣದಂತೆ ಒಲೆಯ ಹಿಂದೆ ಇಟ್ಟಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಲಕ್ಕವ್ವ ಬೇಡುವುದನ್ನು ನಿಲ್ಲಿಸಿದಳು. ಊರ ಹೊರಗೆ ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದರು. ಅದೇ ವಾರ ರೇವವ್ವನ ಮಗ ಶಂಕ್ರಪ್ಪನೂ ಹೋದ.

ಕೊನೆಗೆ ಜೀಪುಗಳು ಬಂದವು. ಸಾಲೆಯೇ ದವಾಖಾನೆಯಾಯಿತು, ಮಕ್ಕಳ ಹಲಗೆಗಳ ಮೇಲೆ ರೋಗಿಗಳು ಮಲಗಿದರು. ಬ್ಲೀಚಿಂಗ್ ಪುಡಿಯ ನಾತ ಊರ ತುಂಬ ಹಬ್ಬಿತು. ಜಿಲ್ಲೆಯಿಂದ ಬಂದ ದೊಡ್ಡ ಸಾಹೇಬರು ಸಾಲೆಯ ಅಂಗಳದಲ್ಲಿ ಮೇಜು ಹಾಕಿಸಿಕೊಂಡು ಕೂತು ಮೊದಲು ಕೇಳಿದ ಪ್ರಶ್ನೆ: "ಮೊದಲು ಬಿದ್ದವರು ಯಾರು?"

ಮೈಲಾರವ್ವ ಎಂದು ಎಲ್ಲರೂ ಹೇಳಿದರು.

ಆಕೆಯನ್ನು ವಿಚಾರಿಸಲು ದವಾಖಾನೆಗೆ ಹೋದವರು ಹೆಲ್ತ್ ಇನ್ಸ್‌ಪೆಕ್ಟರ್ ರಹಿಮಾನಸಾಬ್. ತಲೆಗೆ ಬಿಳಿ ಟೊಪ್ಪಿಗೆ, ಮೆತ್ತನೆಯ ಮಾತು, ಈ ತಾಲ್ಲೂಕಿನಲ್ಲೇ ಸೈಕಲ್ಲು ತುಳಿದು ಹಣ್ಣಾದ ಮನುಷ್ಯ. ಮಂಚದ ಬಾಜು ಸ್ಟೂಲು ಎಳೆದುಕೊಂಡು ಕೂತರು.

"ಎಲ್ಲಿಗರೆ ಹೋಗಿದ್ದೇನವಾ, ಈಗೊಂದು ನಾಕೈದು ದಿನದಾಗ?"

"ಯರಗುಪ್ಪಿಗೆ ಹೋಗಿದ್ನಿರಿ, ತವರಮನಿಗೆ."

"ಅಲ್ಲೇನು ತಿಂದಿ? ಬರೂ ಮುಂದ ನೀರು ಎಲ್ಲಿ ಕುಡದಿ?"

ಆಕೆ ಎಲ್ಲ ಹೇಳಿದಳು. ತೊಟ್ಟಿಲ ದಿನದ ಹೋಳಿಗೆ, ಹುಬ್ಬಳ್ಳಿಯಲ್ಲಿ ಕುಡಿದ ಚಹಾ, ಅಗಸಿಯ ನಳದಲ್ಲಿ ಹೊಟ್ಟೆ ತುಂಬ ಕುಡಿದ ನೀರು. "ಯಾಕ್ರಿ ಸಾಹೇಬ್ರ, ಇಷ್ಟೆಲ್ಲಾ ಕೇಳಾಕತ್ತೀರಿ?"

"ರೋಗ ಎಲ್ಲಿಂದ ಹುಟ್ಟೇತಿ ಅಂತ ಹುಡುಕಬೇಕವಾ. ಹುಡುಕಿದ್ರ ಮುಂದಿನವ್ರು ಉಳೀತಾರ."

"ನನ್ನ ಮಗಳು ಹೆಂಗದಾಳ್ರಿ? ಊರಾಗಿಂದ ಬಂದೀರಲ್ಲಾ, ನೋಡಿದ್ರೇನ್ರಿ?"

ರಹಿಮಾನಸಾಬರು ಎದ್ದು ನಿಂತರು. "ನೀ ಮೊದ್ಲ ಆರಾಮಾಗು" ಎಂದಷ್ಟೇ ಹೇಳಿ ಹೊರಗೆ ಹೋದರು. ಅವರು ಬೆಳಿಗ್ಗೆ ಆಕೆಯ ಮನೆಯ ಮುಂದಿನಿಂದಲೇ ಬಂದಿದ್ದರು. ಹೆಣ ಹೋದ ಮನೆಯೆಂದು ತಿಳಿದೂ ಪ್ರಶ್ನೆಗಳನ್ನು ಮೊದಲು ಮುಗಿಸಿಕೊಂಡಿದ್ದರು.

ಎರಡು ದಿನ ಕಳೆದು ಸಾಹೇಬರು ಪಂಚಾಯ್ತಿಯ ಮೈಕಿನಲ್ಲಿ ಊರಿಗೆ ಮಾತಾಡಿದರು. ಕಾಲರಾ ಎಂಬ ಮಾತನ್ನು ಅವರು ಆಡಲಿಲ್ಲ, ಕರುಳುಬೇನೆ ಎಂದರು. ಹೆದರಬೇಡಿ, ರೋಗ ಹತೋಟಿಗೆ ಬಂದಿದೆ, ಇದು ಈ ಊರಿನದಲ್ಲ, ಹೊರಗಿನಿಂದ ಬಂದದ್ದು, ಮೊದಲ ರೋಗಿ ಬೇರೆ ಊರಿಗೆ ಹೋಗಿ ಬಂದವರು ಎಂದರು. ಮಗ್ಗುಲಲ್ಲಿ ಕೂತ ಶಂಭುಲಿಂಗಪ್ಪ ತಲೆಯಾಡಿಸಿದ. ನಳದ ಪೈಪು ಹಾಕಿಸಿದ ಗುತ್ತಿಗೆದಾರ ಅವನ ಅಳಿಯ.

ಮೈಲಾರವ್ವ ಮೊರಬದ ಬಸ್ಸು ಇಳಿದು ನಡೆದುಕೊಂಡು ಬಂದಳು. ಅಗಸಿಯಲ್ಲಿ ಕೂತವರು ಆಕೆಯನ್ನು ಕಂಡು ಎದ್ದು ಹೋದರು. ಮನೆಯಲ್ಲಿ ದೇವಕ್ಕ ಒಬ್ಬಳೇ ಗೋಡೆಗೆ ಮುಖ ಮಾಡಿ ಕೂತಿದ್ದಳು. ಯಾರೂ ಏನೂ ಹೇಳಬೇಕಾಗಲಿಲ್ಲ. ಪಾಟಿಚೀಲ ಗೂಟದಲ್ಲಿತ್ತು, ತೊಳೆದ ಚಿಕ್ಕ ಲಂಗ ತಂತಿಯ ಮೇಲೆ ಒಣಗುತ್ತಿತ್ತು. ಮೈಲಾರವ್ವ ಆ ಲಂಗವನ್ನು ಎಳೆದುಕೊಂಡು ಅಂಗಳದಲ್ಲೇ ಬಿದ್ದಳು.

ಅತ್ತು ಮುಗಿಯುವ ಮೊದಲೇ ರೇವವ್ವ ಬಂದಳು. ಸಮಾಧಾನಕ್ಕೆ ಬಂದಳೆಂದು ಮೈಲಾರವ್ವ ಎದ್ದು ಕೈ ಚಾಚಿದಳು.

"ಮುಟ್ಟಬ್ಯಾಡ!" ರೇವವ್ವ ಹಿಂದೆ ಸರಿದಳು. "ತವರಮನಿಯಿಂದ ಹೊಟ್ಟ್ಯಾಗ ಕಟಿಗೊಂಡು ಬಂದ್ಯಲ್ಲ ಬೇ! ನಿನ್ನ ಉಳಸಾಕ ಚಕ್ಕಡಿ ಹೂಡಿದನಲ್ಲ ನನ್ನ ಮಗಾ, ಅವನ್ನ ನುಂಗಿದ್ಯಲ್ಲ!"

"ರೇವಕ್ಕಾ, ನನ್ನ ತವರಾಗ ಒಬ್ಬರಿಗೂ ಏನೂ ಆಗಿಲ್ಲ ಬೇ. ಬಾಣಂತಿ, ಕೂಸು ಎಲ್ಲಾ ಗಟ್ಟಿ ಅದಾರ. ನಾನೂ ಮಗಳನ್ನ ಕಳಕೊಂಡೀನಿ..."

"ಸಾಹೇಬ್ರ ಹೇಳ್ಯಾರ ಮೈಕಿನ್ಯಾಗ. ಇಡೀ ಊರು ಕೇಳೇತಿ."

ಅಲ್ಲಿಂದ ಆಕೆಯ ಹೆಸರು ಹೋಗಿ 'ಮೊದಲ ಪೇಷಂಟು' ಎಂಬುದು ಉಳಿಯಿತು. ಆಳಿಗೆ ಕರೆಯುವವರಿಲ್ಲ. ನಳದ ಹತ್ತಿರ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿದರು. ಒಬ್ಬಳು ಆಕೆಯ ಕೊಡವನ್ನು ಕಾಲಿನಿಂದ ಉರುಳಿಸಿದಳು. ಆಗ ಪಕ್ಕದ ಮನೆಯ ಜುಲೇಖಾಬಿ ತನ್ನ ಕೊಡದ ಜೊತೆಗೆ ಇನ್ನೊಂದು ಕೊಡ ತುಂಬಿ ತಂದು ಮೈಲಾರವ್ವನ ಹೊಸ್ತಿಲಲ್ಲಿ ಇಟ್ಟಳು. ಜುಲೇಖಾಬಿಯ ಗಂಡ ದಾವೂದಸಾಬ ಎತ್ತಿಗೆ ಲಾಳ ಬಡಿಯುವವನು. "ಊರು ಏನಂದೀತು?" ಎಂದು ಅವನು ಒಮ್ಮೆ ಕೇಳಿದ್ದಕ್ಕೆ ಆಕೆ, "ಊರು ನೀರು ಕೊಡತೈತೇನ್ರಿ?" ಎಂದಳಂತೆ. ಬಹಳ ದಿನ ಆ ಮನೆಯ ನೀರಿನಿಂದಲೇ ಈ ಮನೆಯ ಒಲೆ ಹತ್ತಿತು.

ದೀಪಾವಳಿಗೆ ಮಾಳಪ್ಪ ಹಿಂಡಿನೊಂದಿಗೆ ಬಂದ. ಸುದ್ದಿ ಅವನಿಗೆ ದಾರಿಯಲ್ಲೇ ಮುಟ್ಟಿತ್ತು. ಹಳ್ಳದ ದಂಡೆಗೆ ಹೋಗಿ ಬಹಳ ಹೊತ್ತು ಕೂತು ಬಂದ. ಒಳಗೆ ಬಂದು ಹೆಂಡತಿಯನ್ನು ಒಂದೇ ಮಾತು ಕೇಳಿದ.

"ಯರಗುಪ್ಪಿಗೆ ಯಾಕ ಹೋಗಿದ್ದಿ?"

ಆಕೆ ತೊಟ್ಟಿಲಿಗೆ ಹೋಗಿದ್ದಳೆಂದು ಅವನಿಗೆ ತಿಳಿಯದ್ದೇನಲ್ಲ. ಅವನು ನಾಲ್ಕು ದಿನ ಇದ್ದು ಹಿಂಡು ಹೊಡೆದುಕೊಂಡು ಹೋದ. ಆಮೇಲೆ ವರ್ಷಕ್ಕೊಮ್ಮೆ ತಾಯಿಯನ್ನು ನೋಡಲು ಬಂದು ಹೋಗುವವನಾದ.

ಆ ಚಳಿಗಾಲದಲ್ಲೇ ಅಗಸಿಯ ಗಟಾರದ ಬುಡದಲ್ಲಿ ನೆಲ ಅಗೆದರು. ರಹಿಮಾನಸಾಬರು ಹಟ ಹಿಡಿದು ಅಗೆಸಿದ್ದು. ಪೈಪಿನ ಜೋಡಣೆ ಬಾಯಿ ಬಿಟ್ಟಿತ್ತು. ಗಟಾರದ ಕೊಳೆ ಅದರೊಳಗೆ ಇಳಿಯುತ್ತಿತ್ತು. ಹಾಡುಹಗಲು, ಊರ ಜನ ಸುತ್ತ ನಿಂತು ಮೂಗು ಮುಚ್ಚಿಕೊಂಡು ನೋಡಿದರು. ಶಂಭುಲಿಂಗಪ್ಪನ ಅಳಿಯನ ಆಳುಗಳು ಹೊಸ ಪೈಪು ಜೋಡಿಸಿ ಮಣ್ಣು ಮುಚ್ಚಿದರು. ರಹಿಮಾನಸಾಬರು ಮೈಲಾರವ್ವನ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು.

"ನಿನ್ನ ತಪ್ಪಿಲ್ಲವಾ. ಪೈಪು ಒಡದಿತ್ತು. ನೀನೂ ಅದ ನೀರು ಕುಡದು ಬಿದ್ದಾಕಿ. ಬ್ಯಾರೇದವರಕಿಂತ ಒಂದೀಟು ಮೊದ್ಲ ಬಿದ್ದಿ, ಅಷ್ಟ."

"ಇದನ್ನ ಮೈಕಿನ್ಯಾಗ ಹೇಳ್ರಿ."

"ಮ್ಯಾಲಿನವ್ರಿಗೆ ಹೇಳೀನಿ. ಆದದ್ದಾತು, ಇನ್ನ ಕೆದರಬ್ಯಾಡ ಅಂದ್ರು. ನಂದೂ ನೌಕರಿ ಐತವಾ, ಮಕ್ಕಳದಾರ."

"ನನಗಿಲ್ಲಲ್ರಿ. ಅದಕ್ಕ ಯಾರರ ಏನರ ಅನಬಹುದು."

ಅವರು ತಲೆ ತಗ್ಗಿಸಿ ಎದ್ದು ಹೋದರು. ಕೆಲ ದಿನಗಳಲ್ಲೇ ಅವರಿಗೆ ಕಲಘಟಗಿಗೆ ವರ್ಗವಾಯಿತು.

ಮುಂದಿನ ವರ್ಷ ಮಳೆಗೆ ಮುಂಚೆಯೇ ಸರ್ಕಾರ ಎಚ್ಚೆತ್ತುಕೊಂಡಿತು. ಇನ್ನು ಮೇಲೆ ಹಳ್ಳಿಯಲ್ಲಿ ಹೀಗಾದರೆ ಯಾರು ಯಾರಿಗೆ ಫೋನು ಮಾಡಬೇಕು, ಯಾವ ಜೀಪು ಹೊರಡಬೇಕು, ಸಲಾಯಿನ್ ಎಲ್ಲಿ ತುಂಬಿಟ್ಟಿರಬೇಕು ಎಂದು ಗೊತ್ತು ಮಾಡಿದರು. ಹೋಬಳಿಗೊಂದು ತಂಡ ಆಯಿತು. ಜನ ಅದನ್ನು 'ಕಾಲರಾ ಪಡೆ' ಎಂದು ಕರೆದರು. ತಂಡದ ನರ್ಸಬಾಯಿಯೊಬ್ಬಳು ಹಳ್ಳದಕೊಪ್ಪದ ಸಾಲೆಯಲ್ಲಿ ಹೆಂಗಸರನ್ನು ಕೂಡಿಸಿ, ಕಾಸಿ ಆರಿಸಿದ ನೀರಿಗೆ ಸಕ್ಕರೆ, ಉಪ್ಪು ಹಾಕಿ ಕಲಸಿ ತೋರಿಸಿದಳು. ಭೇದಿ ಹತ್ತಿದ ಕೂಸಿಗೆ ನೀರು ನಿಲ್ಲಿಸಬಾರದು, ಇದನ್ನು ಚಮಚೆ ಚಮಚೆಯಾಗಿ ಕೊಡುತ್ತಲೇ ಇರಬೇಕು, ಕೊಟ್ಟರೆ ಕೂಸು ಉಳಿಯುತ್ತದೆ ಎಂದಳು. ಮೈಲಾರವ್ವ ಬಾಗಿಲ ಹೊರಗೆ ನಿಂತು ನೋಡುತ್ತಿದ್ದಳು. ಸಕ್ಕರೆ ಅವರ ಮನೆಯಲ್ಲಿತ್ತು. ಉಪ್ಪು ಇತ್ತು. ನೀರಂತೂ ಒಲೆಯ ಹಿಂದೆ ಕೊಡದಲ್ಲಿತ್ತು.

ಮನೆಗೆ ಬಂದು ಅತ್ತೆಗೆ ಏನೂ ಹೇಳಲಿಲ್ಲ. ಆದರೆ ಆ ಮಾತು ಓಣಿಯಲ್ಲಿ ತಿರುಗಾಡಿ ದೇವಕ್ಕನ ಕಿವಿಗೂ ಬಿತ್ತು. ಒಂದು ಮುಂಜಾನೆ ಮೈಲಾರವ್ವ ರೊಟ್ಟಿ ಬಡಿಯುತ್ತಿದ್ದಾಗ ಮುದುಕಿ ಎದುರಿಗೆ ಬಂದು ಕೂತಳು.

"ಮೈಲಾರಿ, ನಾ ನೀರು ಕೊಟ್ಟಿದ್ರ ಕೂಸು ಉಳೀತಿತ್ತೇನ?"

ಇಲ್ಲವೆಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಮೈಲಾರವ್ವನ ಬಾಯಿಗೆ ಅದು ಬಂದಿತ್ತು ಕೂಡ. ಆದರೆ ಒಂದು ವರ್ಷ ಊರ ಮಾತು ತಿಂದಿದ್ದಳು. ಒಬ್ಬರ ಮೇಲಾದರೂ ಅದನ್ನು ಚೆಲ್ಲಬೇಕಿತ್ತು.

"ಉಳೀತಿತ್ತು" ಎಂದಳು.

ದೇವಕ್ಕ ಅಳಲಿಲ್ಲ. ಎದ್ದು ತನ್ನ ಮೂಲೆಗೆ ಹೋಗಿ ಕಂಬಳಿ ಹೊದ್ದು ಮಲಗಿದಳು. ಅಂದಿನಿಂದ ಆಕೆಗೆ ಊಟ ಸೇರಲಿಲ್ಲ, ಯಾರಾದರೂ ನೀರಿನ ತಂಬಿಗೆ ಹಿಡಿದರೆ ಮುಖ ತಿರುವುತ್ತಿದ್ದಳು. ಮೈಲಾರವ್ವ ಬೇಡಿಕೊಂಡಳು, ಬೈದಳು, ನಾ ಹಾಗೆ ಅನ್ನಬಾರದಾಗಿತ್ತು ಎಂದು ಕಾಲು ಹಿಡಿದಳು. ಮುದುಕಿ, "ಖರೇನ ಅಂದಿ ಬಿಡವಾ" ಎಂದಳು. ಹಿಂಗಾರಿ ಜೋಳ ತೆನೆ ಬಿಡುವ ಮೊದಲೇ ಹೋಗಿಬಿಟ್ಟಳು. ತಾಯಿಯ ಮಣ್ಣಿಗೆ ಬಂದ ಮಾಳಪ್ಪ ಹೆಂಡತಿಯ ಮುಖ ನೋಡದೆ ತಿರುಗಿ ಹೋದ.

ಮೈಲಾರವ್ವ ಮೊರಬಕ್ಕೆ ನಡೆದು ಹೋಗಿ ಆಳು ದುಡಿಯತೊಡಗಿದಳು. ಅಲ್ಲಿ ಕೇಳುವವರಿಲ್ಲ. ಆದರೆ ಊರಿನಲ್ಲಿ ಆಕೆಗೊಂದು ಹೊಸ ಕೆಲಸ ಹುಟ್ಟಿಕೊಂಡಿತು. ಅದೇ ದೊಡ್ಡ ಸಾಹೇಬರಿಗೆ ಬಡ್ತಿ ಸಿಕ್ಕಿ, ಇಂಥ ರೋಗಗಳನ್ನು ಹೇಗೆ ಹತೋಟಿಗೆ ತರಬೇಕೆಂದು ಕಲಿಸುವವರಾಗಿದ್ದರು. ಹಳ್ಳದಕೊಪ್ಪ ಅವರ ಪಾಠವಾಯಿತು. ಮಳೆಗಾಲಕ್ಕೆ ಮುಂಚೆ ಹೊಸದಾಗಿ ಸೇರಿದ ನೌಕರರನ್ನು, ಡಾಕ್ಟರ್ ಕಲಿಯುವ ಹುಡುಗ ಹುಡುಗಿಯರನ್ನು ಜೀಪಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಸಾಲೆ ತೋರಿಸಿ, ನಳ ತೋರಿಸಿ, ಕೊನೆಗೆ ಮೈಲಾರವ್ವನ ಬಾಗಿಲಿಗೆ ಬಂದು, "ಇವರೇ ಮೊದಲ ರೋಗಿ" ಎನ್ನುತ್ತಿದ್ದರು. ಆಕೆ ಹೊಸ್ತಿಲಲ್ಲಿ ನಿಲ್ಲಬೇಕು. ಎಲ್ಲಿಗೆ ಹೋಗಿದ್ದಿರಿ, ಏನು ತಿಂದಿರಿ ಎಂದು ಒಬ್ಬೊಬ್ಬರು ಕೇಳಿ ಬರೆದುಕೊಳ್ಳಬೇಕು. ಓಣಿಯ ಮಕ್ಕಳು ಸುತ್ತ ನಿಂತು ನೋಡಬೇಕು.

ಎಂಬತ್ತೆಂಟರಲ್ಲಿ ಹಾಗೆ ಬಂದ ಹುಡುಗಿಯೊಬ್ಬಳು ಕೇಳಿದಳು: "ಅಮ್ಮಾ, ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಬಂದಿತ್ತಾ?"

ಅಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಮೈಲಾರವ್ವ ಹೊಸ್ತಿಲಿಂದ ಇಳಿದು ಆ ಹುಡುಗಿಯ ಕೈ ಹಿಡಿದು ಅಗಸಿಯ ಕಡೆ ನಡೆದಳು. ಉಳಿದವರು ಹಿಂದೆ ಬಂದರು. ನಳದ ಹತ್ತಿರ ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು, ಕಟ್ಟೆಯ ಮೇಲೆ ಶಂಭುಲಿಂಗಪ್ಪ ಕೂತಿದ್ದ.

"ಇಲ್ಲಿ ನೋಡ್ರಿ," ಎಂದು ಆಕೆ ಗಟಾರದ ಬುಡ ತೋರಿಸಿದಳು. ದನಿ ಓಣಿಯ ತುದಿಗೆ ಮುಟ್ಟಿತು. "ಇಲ್ಲಿ ಪೈಪು ಒಡದಿತ್ತು. ಹಾಕಿಸಿದಾಂವ ಈ ಚೇರ್ಮನ್ರ ಅಳಿಯಾ. ಹೊಲಸ ನೀರು ಇಡೀ ಊರು ಕುಡೀತು, ನಾನೂ ಕುಡದ್ನಿ. ನನ್ನ ಮಗಳು ಸತ್ತಳು, ಈ ರೇವಕ್ಕನ ಮಗಾ ಸತ್ತ. ಅಗದು ಮುಚ್ಚೂ ಮುಂದ ಎಲ್ಲಾರೂ ನಿಂತು ನೋಡ್ಯಾರ. ನನ್ನ ಹೆಸರು ಬರಕೊಳ್ಳೂವ್ರು ಇದನ್ಯಾಕ ಬರಕೊಳ್ಳೂದಿಲ್ಲ?"

"ಅದೆಲ್ಲಾ ಮುಗದ ಮಾತು, ನಡೀರಿ ಸಾಹೇಬ್ರ, ಚಹಾ ಆಗೇತಿ" ಎಂದು ಶಂಭುಲಿಂಗಪ್ಪ ಎದ್ದ. ಸಾಹೇಬರು ಹುಡುಗರ ಕಡೆ ತಿರುಗಿ, "ಪೈಪಿನ ವಿಷಯ ಬೇರೆ ಇಲಾಖೆಯದು" ಎಂದರು. ಆ ಹುಡುಗಿ ಪೆನ್ನು ಹಿಡಿದು ಬರೆಯಲೋ ಬೇಡವೋ ಎಂದು ಸಾಹೇಬರ ಮುಖ ನೋಡಿದಳು. ಜೀಪು ಹೋಯಿತು.

ಹೆಂಗಸರು ನೀರು ತುಂಬಿಕೊಂಡು ಹೋದರು. ಕೊನೆಗೆ ಉಳಿದವಳು ರೇವವ್ವ.

"ಈಗರ ತಿಳೀತಿಲ್ಲೋ ರೇವಕ್ಕಾ?" ಎಂದಳು ಮೈಲಾರವ್ವ.

"ಅವತ್ತ ತಿಳಿದಿತ್ತು ಬೇ." ರೇವವ್ವ ಸಿಂಬಿ ತಲೆಯ ಮೇಲೆ ಇಟ್ಟುಕೊಂಡಳು. "ಅಗದಾಗ ನಾನೂ ನಿಂತಿದ್ನಿ. ಚೇರ್ಮನ್ನಗ ಬಾಯಿ ಮಾಡಿದ್ರ ಈ ಊರಾಗ ನನ್ನ ಹೊಲಕ್ಕ ಹಾದಿ ಇರತಿತ್ತೇನು? ಮಗನ್ನ ಕಳಕೊಂಡಾಕಿ ಯಾರನ್ನರೆ ಬೈಬೇಕಲ್ಲ. ನೀ ಸಿಕ್ಕಿ."

ಕೊಡ ಹೊತ್ತು ಹೋದಳು. ಮೈಲಾರವ್ವ ಒದ್ದೆ ನೆಲದ ಮೇಲೆ ಬಹಳ ಹೊತ್ತು ನಿಂತಿದ್ದಳು. ಊರು ತಿಳಿಯದೆ ತಪ್ಪು ಮಾಡಿದೆ, ಎಂದಾದರೂ ತಿಳಿದೀತು ಎಂಬ ಒಂದು ಆಸೆ ಅಲ್ಲಿಯವರೆಗೆ ಉಳಿದಿತ್ತು.

ಮರುವರ್ಷ ಶ್ರಾವಣದಲ್ಲಿ ಹೊಳೆಯಪ್ಪನೆಂಬ ಆಳುಮಗ ವಾಂತಿ, ಭೇದಿಯಿಂದ ಬಿದ್ದ. ಈ ಸಲ ಎಲ್ಲ ಏರ್ಪಾಡು ಗಡಿಯಾರದಂತೆ ನಡೆಯಿತು. ಫೋನು ಹೋಯಿತು, ಅದೇ ದಿನ ಜೀಪು ಬಂತು, ಸಲಾಯಿನ್ ಬಂತು. ಮನೆಮನೆಯಲ್ಲಿ ಹೆಂಗಸರು ಸಕ್ಕರೆ ಉಪ್ಪಿನ ನೀರು ಕಲಸಿದರು. ಪಡೆಯ ಮುಂದಾಳು ರಹಿಮಾನಸಾಬರೇ. ಕಲಘಟಗಿಯಿಂದ ತಿರುಗಿ ಬಂದಿದ್ದರು, ಗಡ್ಡ ಬೆಳ್ಳಗಾಗಿತ್ತು. ಮೇಜು ಹಾಕಿ ಅವರು ಕೇಳಿದ್ದೂ ಅದನ್ನೇ: ಮೊದಲು ಬಿದ್ದವರು ಯಾರು, ಎಲ್ಲಿ ನೀರು ಕುಡಿದರು?

ಹೊಳೆಯಪ್ಪನ ಹೆಂಡತಿ ಹೆದರಿಕೊಂಡು ಮೈಲಾರವ್ವನ ಹತ್ತಿರ ಓಡಿ ಬಂದಳು. "ಈರಬಸಪ್ಪನ ಹೊಲದ ಬಾವಿ ನೀರು ಕುಡದು ಬಂದ ದಿನಾನ ಹಿಂಗಾತು ಯಕ್ಕಾ. ಏನ ಹೇಳೂದು?"

"ಏನೂ ಹೇಳಬ್ಯಾಡ. ಎಲ್ಲೂ ಹೋಗಿಲ್ಲ, ಎಲ್ಲೂ ಕುಡದಿಲ್ಲ ಅನು. ಮೊದಲ ಬಿದ್ದಾಂವ ನನ್ನ ಗಂಡ ಅಲ್ಲ ಅನು. ನಾ ಖರೇ ಹೇಳಿ ಏನಾತು ಅಂತ ನೋಡೀಯಲ್ಲ."

ಆಕೆ ಹಾಗೇ ಹೇಳಿದಳು. ಉಳಿದವರಿಗೂ ಆ ಬುದ್ಧಿ ಮುಟ್ಟಿತು. ಊರಿನಲ್ಲಿ ಯಾರನ್ನು ಕೇಳಿದರೂ ತಾವು ಮೊದಲಿನವರಲ್ಲ, ಎಲ್ಲೂ ಹೋದವರಲ್ಲ. ಪಡೆಯವರು ನಳಕ್ಕೆ ಔಷಧ ಹಾಕಿದರು, ಕೆರೆಗೆ ಹಾಕಿದರು. ಹೊಲದ ಬಾವಿಗೆ ಯಾರೂ ಹೋಗಲಿಲ್ಲ. ಈರಬಸಪ್ಪನ ಮೆಣಸಿನ ಹೊಲದಲ್ಲಿ ಕಸ ತೆಗೆಯುವ ಕೆಲಸ ನಡೆದೇ ಇತ್ತು. ಅಲ್ಲಿಗೆ ಜುಲೇಖಾಬಿ ಆಳು ಹೋಗುತ್ತಾಳೆಂಬುದು ಮೊರಬಕ್ಕೆ ದುಡಿಯಲು ಹೋಗುವ ಮೈಲಾರವ್ವನಿಗೆ ತಿಳಿದಿರಲಿಲ್ಲ.

ಹೊಲದಲ್ಲೇ ಬಿದ್ದ ಜುಲೇಖಾಬಿಯನ್ನು ಪಡೆ ಕೂತಿದ್ದ ಸಾಲೆಗೆ ತಂದಾಗ ಸಲಾಯಿನ್ ಹಚ್ಚಲು ಕೈಯ ನರ ಸಿಗಲಿಲ್ಲ. ಮೈಲಾರವ್ವ ಓಡಿ ಬಂದಾಗ ದಾವೂದಸಾಬ ಹೆಂಡತಿಯ ಪಾದಗಳನ್ನು ಉಜ್ಜುತ್ತಿದ್ದ. ಅವು ಬಿಸಿಯಾಗಲಿಲ್ಲ.

ಆಕೆ ನೇರ ಮೇಜಿನ ಹತ್ತಿರ ಹೋದಳು. "ಈರಬಸಪ್ಪನ ಹೊಲದ ಬಾವಿ. ಈಗಿಂದೀಗ ಮುಚ್ಚಸ್ರಿ."

ರಹಿಮಾನಸಾಬರು ಎದ್ದರು. "ಮೊದ್ಲ ಯಾರು ಕುಡದ್ರವಾ? ಅವರ ಹೆಸರು ಹೇಳು. ಬರಕೊಳ್ಳದ ನಡಿಯೂದಿಲ್ಲ."

"ನಂದ ಬರಕೋರಿ."

"ನೀ ಬಿದ್ದಿಲ್ಲಲ್ಲ."

"ನಿಮಗೊಂದು ಹೆಸರು ಬೇಕ್ರಿ, ಊರಿಗೊಂದು ಹೆಸರು ಬೇಕು. ನಂದು ಹೆಂಗೂ ಕೆಟ್ಟೇತಿ, ಅದನ್ನ ಬರಕೋರಿ. ಇನ್ನೊಬ್ಬರ ಮನಿ ಮುರೀಬ್ಯಾಡ್ರಿ."

ಅವರು ಕೂತು ಬರೆದುಕೊಂಡರು. ಬಾವಿ ಮುಚ್ಚಿಸಿದರು. ರೋಗ ನಿಂತಿತು. ಪಡೆ ಚೆನ್ನಾಗಿ ಕೆಲಸ ಮಾಡಿತೆಂದು ಧಾರವಾಡದ ಸಭೆಯಲ್ಲಿ ಹೊಗಳಿದರು. ಊರಿನಲ್ಲಿ ಮಾತ್ರ, "ಮತ್ತ ಅಕೀನ ನೋಡ" ಎಂದರು.

ಜುಲೇಖಾಬಿಯ ನಲವತ್ತನೆಯ ದಿನದ ಊಟ ಮುಗಿದ ಮೇಲೆ ದಾವೂದಸಾಬ ಮುಚ್ಚಿದ ಬೋಗುಣಿ ಹಿಡಿದು ಮೈಲಾರವ್ವನ ಬಾಗಿಲಿಗೆ ಬಂದ. "ನೀ ಒಬ್ಬಾಕಿ ಬಾಯಿ ಬಿಟ್ಟಿ ಅಂತ ಇಷ್ಟಕ್ಕ ರೋಗ ನಿಂತಿತವಾ. ಉಣ್ಣು" ಎಂದ.

ಆಕೆ ಬೋಗುಣಿಗೆ ಕೈ ಚಾಚಿ ಹಿಂದಕ್ಕೆ ತೆಗೆದಳು. "ಆ ಬಾವಿ ಮಾತು ನನಗ ಮೊದ್ಲ ತಿಳಿದಿತ್ತು, ದಾವೂದಣ್ಣಾ. ಹೇಳಬ್ಯಾಡ್ರಿ ಅಂತ ನಾನ ಹೇಳಿಕೊಟ್ನಿ."

ದಾವೂದಸಾಬ ಅಲ್ಲೇ ನಿಂತ. ಬೋಗುಣಿಯನ್ನು ಕಟ್ಟೆಯ ಮೇಲೆ ಇಟ್ಟು, ಗೋಡೆ ಹಿಡಿದುಕೊಂಡು ತನ್ನ ಮನೆಗೆ ಹೋದ. ಅವತ್ತಿನಿಂದ ಆ ಮನೆಯವರು ಆಕೆಯನ್ನು ಮಾತಾಡಿಸಲಿಲ್ಲ. ಇದು ಅನ್ಯಾಯವೆಂದು ಹೇಳಲು ಈ ಸಲ ಮೈಲಾರವ್ವನಿಗೆ ಬಾಯಿರಲಿಲ್ಲ.